ಆರೋಗ್ಯಕರವೆಂದು ಕೊಳ್ಳುವ ಮುನ್ನ ಪೊಟ್ಟಣವನ್ನು ಓದುವುದು ಹೇಗೆ?

ಕೇಕ್ ಕೊಳ್ಳುವವರಿಗೆ ತಾವು ಕೊಳ್ಳುತ್ತಿರುವುದು ಸಿಹಿತಿಂಡಿಯೆಂದು ಗೊತ್ತಿರುವುದರಿಂದ ಒಂದು ತುಂಡಿಗೆ ಕೈ ತಡೆಯುತ್ತಾರೆ. ಗ್ರನೋಲಾ (ಓಟ್ಸ್, ಬೀಜಗಳಿಗೆ ಸಿಹಿ ಬೆರೆಸಿ ಗರಿಗರಿಯಾಗಿಸಿದ ತಿಂಡಿ), ಹಣ್ಣಿನ ರಸ, ಹಣ್ಣಿನ ಸ್ವಾದದ ಯೋಗರ್ಟ್, ಕಂದು ಬ್ರೆಡ್, ಪ್ರೋಟೀನ್ ಬಾರ್‌ಗಳ ವಿಷಯದಲ್ಲಿ ಈ ಅಳುಕು ಇರುವುದಿಲ್ಲವಾದ್ದರಿಂದ ಅವುಗಳನ್ನು ಧಾರಾಳವಾಗಿಯೇ ತಿನ್ನುತ್ತೇವೆ. ಅಂಥ ಪೊಟ್ಟಣವೊಂದನ್ನು ಪರೀಕ್ಷಿಸಲು ಎರಡು ನಿಮಿಷ ಸಾಕು.

ಮೊದಲು, ಪೊಟ್ಟಣವನ್ನು ತಿರುಗಿಸಿ ಹಿಡಿಯಿರಿ. ಮುಂಬದಿಯ ಮಾತುಗಳು ಸುಳ್ಳಾಗಿರಬೇಕೆಂದೇನಿಲ್ಲ, ಆದರೆ ಬಹಳಷ್ಟು ಸಲ ಅವು ನಮಗೆ ಬೇಕಾದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೊಲೆಸ್ಟರಾಲ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಹಾಗಿರುವಾಗ ಸಸ್ಯದ ಎಣ್ಣೆಯ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ಬರೆಯುವುದು ನೀರಿನ ಬಾಟಲಿಯ ಮೇಲೆ ‘ಎಣ್ಣೆ ರಹಿತ’ ಎಂದು ಬರೆದಂತೆ. ‘ಬಹುಧಾನ್ಯ’ ಎಂಬುದು ಹಲವು ಧಾನ್ಯಗಳಿವೆ ಎಂದಷ್ಟೇ ಹೇಳುತ್ತದೆಯೇ ಹೊರತು, ಅವುಗಳ ಹೊಟ್ಟು ಉಳಿದಿದೆಯೇ ಎಂಬುದನ್ನು ಹೇಳುವುದಿಲ್ಲ.

ಎರಡನೆಯದಾಗಿ, ಘಟಕಾಂಶಗಳ ಪಟ್ಟಿಯನ್ನು ಓದಿ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಬರುತ್ತದೆ. ಆದ್ದರಿಂದ ಮೊದಲ ಮೂರು ಹೆಸರುಗಳೇ ಆ ಪದಾರ್ಥದ ನಿಜವಾದ ಪರಿಚಯ. ಬ್ರೆಡ್ ಕಂದು ಬಣ್ಣದ್ದಾಗಿದ್ದರೂ ಮೊದಲ ಹೆಸರು ಮೈದಾ ಆಗಿದ್ದು ಕೆಳಗೆಲ್ಲೋ ಕ್ಯಾರಮೆಲ್ ಬಣ್ಣ ಕಾಣಿಸಿದರೆ, ಬಣ್ಣ ಬಂದದ್ದು ಎಲ್ಲಿಂದ ಎಂಬುದು ಗೊತ್ತಾಗುತ್ತದೆ. ಇಲ್ಲಿ ಇನ್ನೊಂದು ಉಪಾಯವನ್ನೂ ಗಮನಿಸಬೇಕು: ಸಕ್ಕರೆಯನ್ನು ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಜೇನುತುಪ್ಪ, ಸಾಂದ್ರೀಕೃತ ಹಣ್ಣಿನ ರಸ ಎಂದು ಹಂಚಿ ಹಾಕಿದಾಗ ಪ್ರತಿಯೊಂದರ ತೂಕವೂ ಕಡಿಮೆಯಾಗಿ, ಎಲ್ಲವೂ ಪಟ್ಟಿಯ ಕೆಳಗೆ ಇಳಿಯುತ್ತವೆ. ಅವನ್ನು ಮನಸ್ಸಿನಲ್ಲೇ ಒಟ್ಟುಗೂಡಿಸಿ ನೋಡಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಕ್ಕರೆಯ ಲೆಕ್ಕ. ಗ್ರಾಂಗಳನ್ನು 4ರಿಂದ ಭಾಗಿಸಿದರೆ ಸುಮಾರಾಗಿ ಟೀ ಚಮಚಗಳ ಸಂಖ್ಯೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ, ಸೇರಿಸಿದ ಸಕ್ಕರೆ ಮತ್ತು ಜೇನುತುಪ್ಪ, ಹಣ್ಣಿನ ರಸಗಳಲ್ಲಿರುವ ಸಕ್ಕರೆಯಿಂದ ಸಿಗುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆಯಿರಬೇಕು. 2000 ಕ್ಯಾಲೊರಿಯ ಆಹಾರ ಸೇವಿಸುವವರಿಗೆ ಅದು 50 ಗ್ರಾಂ. ಶೇ 5ಕ್ಕಿಂತ, ಅಂದರೆ 25 ಗ್ರಾಂಗಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 250 ಮಿಲಿಲೀಟರ್ ಕಿತ್ತಳೆ ರಸದಲ್ಲಿ, ಹೊರಗಿನಿಂದ ಒಂದು ಚಿಟಿಕೆಯನ್ನೂ ಹಾಕದೆ, 20 ಗ್ರಾಂನಷ್ಟು ಸಕ್ಕರೆ ಇರುತ್ತದೆ. ಇಡೀ ಹಣ್ಣನ್ನು ತಿಂದರೆ ನಾರಿನಂಶದಿಂದ ಹೊಟ್ಟೆ ತುಂಬುತ್ತದೆ, ಅಗಿಯಲು ಹೊತ್ತು ಹಿಡಿಯುತ್ತದೆ. ಎರಡು ಮೂರು ಹಣ್ಣಿನ ರಸವನ್ನಾದರೋ ಒಂದೇ ಗುಟುಕಿಗೆ ಕುಡಿದುಬಿಡಬಹುದು.

ಯೋಗರ್ಟ್‌ಗೆ ಒಂದು ಕಳೆಯುವ ಲೆಕ್ಕವೂ ಬೇಕು. ಏನೂ ಸೇರಿಸದ ಯೋಗರ್ಟ್‌ನಲ್ಲಿಯೂ 100 ಗ್ರಾಂಗೆ 4–5 ಗ್ರಾಂ ಹಾಲಿನದೇ ಸಕ್ಕರೆ ಇರುತ್ತದೆ. ಸ್ವಾದದ ಯೋಗರ್ಟ್‌ನ ಲೇಬಲ್ 13 ಗ್ರಾಂ ಎಂದರೆ, ಸುಮಾರು 8 ಗ್ರಾಂ ಹೊರಗಿನಿಂದ ಬಂದದ್ದೆಂದು ತಿಳಿಯಿರಿ. ಸಪ್ಪೆ ಯೋಗರ್ಟ್‌ಗೆ ನೀವೇ ಹಣ್ಣು ಹೆಚ್ಚಿ ಹಾಕಿಕೊಂಡರೆ ಈ ಲೆಕ್ಕದ ಗೊಡವೆಯೇ ಇರುವುದಿಲ್ಲ.

ಆಮೇಲೆ ‘ಒಂದು ಸಲಕ್ಕೆ’ ಎಂದು ಬರೆದ ಪ್ರಮಾಣವನ್ನು ನೋಡಿ. ಗ್ರನೋಲಾದ ಪೊಟ್ಟಣ 40 ಗ್ರಾಂ ಎಂದು ಹೇಳುತ್ತಿದ್ದರೆ, ನಿಮ್ಮ ರೂಢಿಯ ಬಟ್ಟಲಿಗೆ ಸುರಿದು ಒಮ್ಮೆ ತೂಗಿ ನೋಡಿ. ಅದರ ದುಪ್ಪಟ್ಟು ಬಂದರೆ ಲೇಬಲ್‌ನ ಅಂಕಿಗಳೆಲ್ಲವೂ ದುಪ್ಪಟ್ಟಾದವೆಂದೇ ಅರ್ಥ. ಎರಡು ಕಂಪನಿಗಳ ಪದಾರ್ಥಗಳನ್ನು ಹೋಲಿಸುವಾಗ ಮಾತ್ರ 100 ಗ್ರಾಂನ ಅಂಕಣವನ್ನೇ ಬಳಸಬೇಕು.

ಉಪ್ಪಿನ ಲೆಕ್ಕ ಚಿಕ್ಕದು. ಸೋಡಿಯಂ ಎಂದಿದ್ದರೆ 2.5ರಿಂದ ಗುಣಿಸಿ, ಉಪ್ಪು ಸಿಗುತ್ತದೆ. ವಯಸ್ಕರಿಗೆ ದಿನದ ಮಿತಿ 5 ಗ್ರಾಂಗಿಂತ ಕಡಿಮೆ. ಪೊಟ್ಟಣದ ಸೂಪ್‌ಗಳಿಗೆ ಈ ಗುಣಾಕಾರವನ್ನು ತಪ್ಪದೆ ಮಾಡಿ.

ಲೇಬಲ್ ಇಲ್ಲದ ಆಹಾರವನ್ನು ಕೇಳಿಯೇ ತಿಳಿಯಬೇಕು. ಹೋಟೆಲಿನ ಸಲಾಡ್‌ನಲ್ಲಿ ಕ್ಯಾಲೊರಿಯ ಲೆಕ್ಕದಲ್ಲಿ ಸೊಪ್ಪು ತರಕಾರಿಗಿಂತ ಭಾರವಾಗುವುದು ಸಾಮಾನ್ಯವಾಗಿ ಅದರ ಮೇಲೆ ಸುರಿದ, ಎಣ್ಣೆ ಬೆರೆತ ಡ್ರೆಸಿಂಗ್. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ ಸುಮಾರು 120 ಕ್ಯಾಲೊರಿ ಇರುವುದರಿಂದ, ಡ್ರೆಸಿಂಗನ್ನು ಬೇರೆ ಬಟ್ಟಲಿನಲ್ಲಿ ಕೊಡುವಂತೆ ಹೇಳಿ, ಬೇಕಾದಷ್ಟನ್ನು ನೀವೇ ಬೆರೆಸಿಕೊಳ್ಳಿ.