ಹಾಲಿನ ತಕ್ಕಡಿಗೆ ಥ್ರೆಡೆಡ್ ಇಂಟರಪ್ಟ್: ನನ್ನ ಅನುಭವ

ಇಂಟರಪ್ಟ್ ಅಂದರೆ 'ಡೇಟಾ ರೆಡಿ, ಓದು' ಅಂತ ಸಾಧನ ಸಿಪಿಯುಗೆ ಕೊಡುವ ಕರೆ. ಆ ಕರೆಯ ಕೆಲಸವನ್ನು ಆ ಕ್ಷಣವೇ ಮಾಡದೆ ಲಿನಕ್ಸ್ ಕರ್ನಲ್‌ನ ಥ್ರೆಡ್‌ಗೆ (ಸರದಿಯಲ್ಲಿ ಓಡುವ ಕೆಲಸಕ್ಕೆ) ಕೊಟ್ಟರೆ ತೂಕ ತಡವಾಗುತ್ತೆ ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದ್ದರು. ಚಿಂತಾಮಣಿ, ಶ್ರೀನಿವಾಸಪುರ ಕಡೆಯ ಹಳ್ಳಿ ಡೇರಿಗಳಲ್ಲಿ ನನ್ನ ಬೋರ್ಡ್‌ಗಳು ವರ್ಷದ ಮೇಲಾಯ್ತು, ಎರಡು ಹೊತ್ತೂ ಹಾಲು ತೂಗುತ್ತಿವೆ. ಈಗ ಧೈರ್ಯವಾಗಿ ಬರೆಯಬಹುದು.

ಸಿಂಗಲ್ ಕೋರ್ ಬೋರ್ಡ್. ಲೋಡ್‌ಸೆಲ್‌ನ (ತೂಕದ ಸೆನ್ಸರ್‌ನ) ಸಿಗ್ನಲ್ಲನ್ನು ಅಂಕಿ ಮಾಡುವ ಏಡಿಸಿ ಚಿಪ್ ಐ2ಸಿ ಎಂಬ ಎರಡು ತಂತಿಯ ಬಸ್ ಮೇಲೆ, ಫ್ಯಾಟ್ ಮಷಿನ್ ಸೀರಿಯಲ್ ಮೇಲೆ. ಐ2ಸಿ ಓದಲು ಕಾಯಬೇಕು; ಇಂಟರಪ್ಟ್ ಬಂದ ಕ್ಷಣವೇ ಓಡುವ ಹಾರ್ಡ್ ಹ್ಯಾಂಡ್ಲರ್‌ನಲ್ಲಿ ಕಾಯುವಂತಿಲ್ಲ, ಗೊತ್ತಲ್ವಾ. ಹಾಗಾಗಿ ಮೊದಲು ವರ್ಕ್‌ಕ್ಯೂ (ಕೆಲಸವನ್ನು ಆಮೇಲೆ ಮಾಡಲು ಇಡುವ ಕರ್ನಲ್ ಸಾಲು) ಹಾಕಿದ್ದೆ. ಟೇಬಲ್ ಮೇಲೆ ಚೆನ್ನಾಗಿತ್ತು. ಡೇರಿಯಲ್ಲಿ ಜನ ಸಾಲುಗಟ್ಟಿ, ಚೀಟಿ ಪ್ರಿಂಟಾಗಿ, ಎಸ್‌ಡಿ ಕಾರ್ಡ್‌ಗೆ ಲೆಕ್ಕ ಬೀಳತೊಡಗಿದರೆ ಓದುವುದು 20-30 ಮಿಲಿಸೆಕೆಂಡ್ ಹಿಂದೆ ಬೀಳುತ್ತಿತ್ತು. ಸೆಕೆಂಡಿಗೆ 80 ಸ್ಯಾಂಪಲ್. ಎರಡು ಹಾರಿದರೆ ಸಾಕು, ಕ್ಯಾನ್ ಇಟ್ಟ ಮೇಲೂ ಅಂಕಿ ಕುಣಿಯುತ್ತೆ. ಒಂದು ಡೇರಿಯವರು ಸುಮಾರು 40 ಸಾವಿರ ಬಾಕಿ ಹಿಡಿದಿಟ್ಟರು. ಕಾರಣ ಹುಡುಕಲು ಸಿಗ್ನಲ್ ನೋಡುವ ಸೆಕೆಂಡ್ ಹ್ಯಾಂಡ್ ಸ್ಕೋಪ್‌ಗೆ ಇನ್ನೊಂದು 18 ಸಾವಿರ ಹೋಯ್ತು.

2009ರಲ್ಲಿ, 2.6.30 ಕರ್ನಲ್‌ನಲ್ಲೇ ಥ್ರೆಡೆಡ್ ಹ್ಯಾಂಡ್ಲರ್ ಬಂದಿದೆ: ಇಂಟರಪ್ಟ್ ಬಂದಾಗ ಚಿಕ್ಕದೊಂದು ಪ್ರೈಮರಿ ಹ್ಯಾಂಡ್ಲರ್ ಥ್ರೆಡ್ಡನ್ನು ಎಬ್ಬಿಸುತ್ತೆ, ಉಳಿದ ಕೆಲಸ ಥ್ರೆಡ್ಡಿನದು. ಆ ಥ್ರೆಡ್ ಸಾಮಾನ್ಯ ಪ್ರೋಗ್ರಾಂಗಳಿಗಿಂತ ಮೇಲಿನ, ಫಿಫೋ ಎಂಬ ರಿಯಲ್‌ಟೈಮ್ ಕ್ಲಾಸ್‌ನಲ್ಲಿ, ಪ್ರಯಾರಿಟಿ 50ರಲ್ಲಿ ಓಡುತ್ತೆ. ಪ್ರಿಂಟರ್ ಪ್ರೋಗ್ರಾಂ, ಡೇಟಾಬೇಸ್ ಎಲ್ಲ ಅದಕ್ಕೆ ದಾರಿ ಬಿಡಲೇಬೇಕು. ಬದಲಾಯಿಸಿದ ದಿನವೇ ಅಂಕಿ ನಿಂತಿತು. ಬೆಲೆ ಇಷ್ಟೇ: ಹಾರ್ಡ್ ಹ್ಯಾಂಡ್ಲರ್ ಕೆಲವೇ ಮೈಕ್ರೋಸೆಕೆಂಡಲ್ಲಿ ಏಳುತ್ತಿದ್ದರೆ ಥ್ರೆಡ್ ಏಳಲು 50-60. ಸ್ಯಾಂಪಲ್‌ಗಳ ನಡುವೆ 12 ಮಿಲಿಸೆಕೆಂಡ್ ಇರುವಾಗ ಅದು ಲೆಕ್ಕಕ್ಕೇ ಇಲ್ಲ.

ಒನ್‌ಶಾಟ್ ಫ್ಲ್ಯಾಗ್ ಮಾತ್ರ ಬಿಡಬೇಡಿ. ಏಡಿಸಿಯ ರೆಡಿ ಲೈನ್ ನಾವು ಓದುವ ತನಕ ಹೈ ಇರುತ್ತೆ, ಥ್ರೆಡ್ ಮುಗಿಯುವವರೆಗೆ ಆ ಇಂಟರಪ್ಟ್ ಮಾಸ್ಕ್ ಆಗಿರಬೇಕು (ಮುಚ್ಚಿರಬೇಕು); ಈ ಫ್ಲ್ಯಾಗ್ ಮಾಡುವುದು ಅದನ್ನೇ. ಪ್ರೈಮರಿಗೆ ನಲ್ ಕೊಟ್ಟು (ಅಂದರೆ ನಮ್ಮದೇ ಪ್ರೈಮರಿ ಬರೆಯದೆ) ಫ್ಲ್ಯಾಗ್ ಬಿಟ್ಟರೆ ಕರ್ನಲ್ಲೇ ಒಪ್ಪುವುದಿಲ್ಲ. ನೋಡೋಣ ಅಂತ ನನ್ನದೇ ಪ್ರೈಮರಿ ಬರೆದು ಫ್ಲ್ಯಾಗ್ ತೆಗೆದೆ. ಬೋರ್ಡ್ ಅಲ್ಲೇ ಕಲ್ಲಾಯಿತು. ಇಂಟರಪ್ಟ್ ಮೇಲೆ ಇಂಟರಪ್ಟ್, ಥ್ರೆಡ್‌ಗೆ ಸಿಪಿಯು ಸಿಗಲೇ ಇಲ್ಲ.

ಇಷ್ಟು ಚೆನ್ನಾಗಿದ್ದರೆ ಎಲ್ಲಕ್ಕೂ ಯಾಕಾಗಬಾರದು ಅಂತ ಬೂಟ್ ಲೈನ್‌ಗೆ ಥ್ರೆಡ್‌ಐಆರ್‌ಕ್ಯೂಸ್ (ಸಾಧ್ಯವಾದ ಇಂಟರಪ್ಟ್‌ಗಳನ್ನೆಲ್ಲ ಥ್ರೆಡ್‌ಗೆ ಕೊಡುವ ಆಯ್ಕೆ) ಸೇರಿಸಿದೆ. ಸೀರಿಯಲ್ ಕೈಕೊಟ್ಟಿತು. 1,15,200 ಬಾಡ್‌ನಲ್ಲಿ ಸೀರಿಯಲ್ ಚಿಪ್‌ನ 16 ಬೈಟಿನ ಫಿಫೋ (ಇದು ಬಫರ್, ಮೇಲಿನ ಕ್ಲಾಸ್ ಅಲ್ಲ) ತುಂಬಲು 1.4 ಮಿಲಿಸೆಕೆಂಡ್ ಸಾಕು. ಎಸ್‌ಡಿ ಕಾರ್ಡ್‌ನ ಥ್ರೆಡ್ಡೂ ಅದೇ 50ರಲ್ಲಿ ಕೂತಿತ್ತು, ಅದು ಬಿಡುವ ತನಕ ಸೀರಿಯಲ್ ಥ್ರೆಡ್ ಕಾಯಬೇಕು. ಪ್ರೊಕ್ ಕೆಳಗಿನ ಟಿಟಿವೈ ಡ್ರೈವರ್ ಫೈಲಿನಲ್ಲಿ ಓವರ್‌ರನ್ (ಓದುವ ಮೊದಲೇ ಕಳೆದುಹೋದ ಬೈಟು) ಎಣಿಕೆ ಏರುತ್ತಲೇ ಹೋಯ್ತು, ಫ್ಯಾಟ್ ರೀಡಿಂಗ್ ಅರ್ಧಂಬರ್ಧ ಬರುತ್ತಿತ್ತು. ಸೀರಿಯಲ್ಲನ್ನು ಹಾರ್ಡ್ ಹ್ಯಾಂಡ್ಲರ್‌ಗೇ ವಾಪಸ್ ಕೊಟ್ಟೆ.

ತೂಕದ ಥ್ರೆಡ್ಡನ್ನು 50ರಲ್ಲೇ ಬಿಟ್ಟಿಲ್ಲ. ಎಷ್ಟಕ್ಕೆ ಇಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಪ್ರಯಾರಿಟಿ ಬದಲಿಸುವ ಸಿಎಚ್‌ಆರ್‌ಟಿ ಕಮಾಂಡ್ ಹಿಡಿದು ನಿಮ್ಮ ಬೋರ್ಡ್‌ನಲ್ಲೇ ಹುಡುಕಿ, ಆದರೆ ಪ್ರಿಂಟರ್ ಓಡುತ್ತಿರುವಾಗ ಅಳೆಯಿರಿ.