ಸೀಸದ ಸಿಪಾಯಿಗೆ ರಾಣೆಯವರ ವೇಷ

ಬೊಂಬೆ ಕೈಗೆ ಬಂದಾಗ ಬಂದೂಕಿನ ಮೂತಿ ಇರಲಿಲ್ಲ, ಒಂದು ಪಾದವೂ ಇರಲಿಲ್ಲ. ಮಲಗಿ ಗುರಿ ಹಿಡಿದ, ಒಳಗೆ ಟೊಳ್ಳಾದ ಸೀಸದ ಇಂಗ್ಲಿಷ್ ಸಿಪಾಯಿ. ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಶುರು ಮಾಡಿದ ಬಗೆಯದು. ಪೂರ್ತಿ ಇದ್ದಿದ್ದರೆ ನಾನು ಬ್ರಶ್ ಮುಟ್ಟಿಸುತ್ತಿರಲಿಲ್ಲ. ಸವೆದ ಬಣ್ಣಕ್ಕೂ ಒಂದು ಬೆಲೆ ಇದೆ. ಮುರಿದದ್ದಕ್ಕೆ ಹೊಸ ವೇಷ ಹಾಕಬಹುದು, ಅಲ್ವಾ?

ಯಾರ ವೇಷ ಅಂತ ಕಾರವಾರದವರು ಯೋಚಿಸಬೇಕಾಗಿಲ್ಲ. ಕಡಲತೀರದಲ್ಲಿ ಪ್ರತಿಮೆಯೇ ಇದೆ: ಚೆಂಡಿಯಾದ ರಾಮ ರಾಘೋಬಾ ರಾಣೆ. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ಯುದ್ಧದಲ್ಲಿ ನೌಶೇರಾ–ರಜೌರಿ ದಾರಿಯ ನೆಲಬಾಂಬು ತೆಗೆದ ಸೇನಾಧಿಕಾರಿ. ಗುಂಡು ಹಾರುತ್ತಿದ್ದಾಗ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಟ್ಟರು. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು. ಮಲಗಿದ ಬೊಂಬೆಗೆ ಹೇಳಿ ಮಾಡಿಸಿದ ಭಂಗಿ.

ಮೊದಲ ಕೆಲಸ ಮೈಮೇಲಿನ ಬಿಳಿ ಪುಡಿ ತೆಗೆಯುವುದು. ಅದು ಧೂಳಲ್ಲ, ತುಕ್ಕು ಹಿಡಿದ ಸೀಸ. ವಿಷ. ಊದಬಾರದು, ಒಣಗಿದ್ದಾಗ ಉಜ್ಜಬಾರದು. ಗ್ಲೌಸ್, ಮಾಸ್ಕ್ ಹಾಕಿ, ಟರ್ಪೆಂಟೈನ್‌ನಲ್ಲಿ ಅದ್ದಿದ ಮೆತ್ತನೆ ಬ್ರಶ್‌ನಿಂದ ತೆಗೆದೆ. ಅಡುಗೆಮನೆಯ ಹತ್ತಿರವೂ ಈ ಕೆಲಸ ಬೇಡ. ಹಳೇ ಬಣ್ಣವನ್ನು ಥಿನ್ನರ್‌ನಿಂದ ಬಿಡಿಸಿದೆ.

ಬಂದೂಕನ್ನು ಅಕ್ಕಸಾಲಿಗರು ಬಳಸುವ ತೆಳು ಗರಗಸದಿಂದ ಕೊಯ್ದೆ. ತೋಳನ್ನು ಸ್ವಲ್ಪ ಸ್ವಲ್ಪವೇ, ಒಂದೇ ದಿಕ್ಕಿಗೆ ಬಾಗಿಸಬೇಕು. ಹಿಂದೆ ಮುಂದೆ ಆಡಿಸಿದರೆ ಸೀಸ ಸೀಳುತ್ತದೆ. ಪಾದಕ್ಕೆ ಬೆಸುಗೆ ಹಾಕುವ ಗೊಡವೆಗೆ ಹೋಗಲಿಲ್ಲ. ಅಪ್ಪಟ ಸೀಸವೇ 327 ಡಿಗ್ರಿಗೆ ಕರಗುತ್ತದೆ, ಕಾದ ಕಬ್ಬಿಣ ತಾಗಿದರೆ ತೆಳು ಗೋಡೆ ತೂತಾಗುತ್ತದೆ. ಕಾಲಿಗೆ ಸಣ್ಣ ತೂತು ಕೊರೆದು ಹಿತ್ತಾಳೆ ತಂತಿ ಕೂರಿಸಿ, ಅದರ ಮೇಲೆ ಎಂ-ಸೀಲ್‌ನಿಂದ ಬೂಟು ಮಾಡಿದೆ. ಬಿಸಿಲು ಟೋಪಿಯನ್ನು ಅರದಿಂದ ತಗ್ಗಿಸಿ ಉಕ್ಕಿನ ಹೆಲ್ಮೆಟ್ಟಾಗಿಸಿದೆ. ಅರವನ್ನು ಒದ್ದೆ ಮಾಡಿಕೊಂಡೇ ಉಜ್ಜಿದ್ದು, ಪುಡಿ ಹಾರಬಾರದಲ್ಲ. ಹಳೇ ವೈರಿನ ತಾಮ್ರದ ಎಳೆ ಹೊಸೆದರೆ ಹಗ್ಗ ಸಿದ್ಧ. ದಾರ ಬಳಸಿದರೆ ನಾರು ಎದ್ದು ಕಾಣುತ್ತದೆ.

ಪ್ರೈಮರ್ ಹೊಡೆಯಲು ಮಳೆಗಾಲ ಮುಗಿಯುವವರೆಗೆ ಕಾದೆ. ನಮ್ಮ ತೇವದ ಗಾಳಿಯಲ್ಲಿ ಸ್ಪ್ರೇ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಆಮೇಲೆ ಖಾಕಿ, ಮಡಿಕೆಗಳಿಗೆ ತೆಳು ಕಂದು. ಇಂಗ್ಲಿಷರವನ ಗುಲಾಬಿ ಕೆನ್ನೆಗೆ ನಮ್ಮ ಕಡೆಯ ಬಿಸಿಲಿನ ಬಣ್ಣ ಕೊಡುವಾಗ ಸುಮ್ನೆ ನಗು ಬಂತು.

ಮನೆಯಲ್ಲಿ ಸಾಗುವಾನಿ ಶೋಕೇಸ್‌ನಲ್ಲಿ ಇಡೋಣ ಅಂದರು. ಬೇಡ ಅಂದೆ. ಮರ, ಪ್ಲೈವುಡ್, ರಟ್ಟು ಇವು ಬಿಡುವ ಆಮ್ಲದ ಆವಿಯೇ ಸೀಸವನ್ನು ತಿನ್ನುವುದು. ಈಗ ಅದು ಗಾಜಿನ ಡಬ್ಬಿಯಲ್ಲಿದೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಆ ಪೊಟ್ಟಣವನ್ನು ಜಾಸ್ತಿ ಸಲ ಬದಲಿಸಬೇಕು.