ಎಲ್ಲ ‘ಯು’ ಇದ್ದ ಮಾತ್ರಕ್ಕೆ ಡಿಸ್ಕ್ ನೆಟ್ಟಗಿದೆ ಎಂದಲ್ಲ

ಹಲವು ಡಿಸ್ಕುಗಳನ್ನು ಒಂದು ಗುಂಪಾಗಿ (ಅರೇ) ನಡೆಸುವ ಲಿನಕ್ಸ್ ಕರ್ನಲ್‌ನ ಭಾಗ ಎಂಡಿ. ಅದರ ರೇಡ್-5 ಡೇಟಾದ ಜೊತೆಗೆ ಪ್ಯಾರಿಟಿ ಎಂಬ ಲೆಕ್ಕವನ್ನೂ ಹಂಚಿಡುತ್ತದೆ, ಹಾಗಾಗಿ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. ಇದರಲ್ಲಿ ಯಾವುದೋ ಸೆಕ್ಟರ್ (ಡಿಸ್ಕಿನ ಚಿಕ್ಕ ತುಣುಕು) ಓದಲು ಬಾರದಿದ್ದರೆ ಡಿಸ್ಕ್ ಕೂಡಲೇ ಅರೇಯಿಂದ ಹೊರಬೀಳುವುದಿಲ್ಲ. ಉಳಿದ ಡಿಸ್ಕುಗಳಿಂದ ಆ ಡೇಟಾವನ್ನು ಲೆಕ್ಕ ಹಾಕಿ, ಅದೇ ಜಾಗಕ್ಕೆ ಮತ್ತೆ ಬರೆದು, ಓದಿ ನೋಡುತ್ತದೆ. ಸರಿಹೋದರೆ ಕರ್ನಲ್ ಲಾಗ್‌ನಲ್ಲಿ ‘ರೀಡ್ ಎರರ್ ಕರೆಕ್ಟೆಡ್, 8 ಸೆಕ್ಟರ್ಸ್’ ಎಂಬ ಸಾಲು ಬೀಳುತ್ತದೆ, ಅಂದರೆ 4 ಕೆಬಿ. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲಿನಲ್ಲಿ, ಡಿಸ್ಕ್ ಚಾಲನೆಯಲ್ಲಿದೆ ಎನ್ನುವ ‘ಯು’ಗಳೆಲ್ಲ ಹಾಗೇ ಇರುತ್ತವೆ. ಅರೇ ನಿರ್ವಹಿಸುವ ಎಂಡಿಎಡಿಎಂ ಸಾಧನದ ಮಾನಿಟರ್ ಇದಕ್ಕೆ ಮೇಲ್ ಕಳಿಸುವುದಿಲ್ಲ. ಡಿಸ್ಕ್ ಬಿದ್ದ ಮೇಲಷ್ಟೇ ಕಳಿಸುತ್ತದೆ.

ಅದಕ್ಕೇ ನಾನು ಕರ್ನಲ್ ತನ್ನ ಸ್ಥಿತಿ ತೋರಿಸುವ ಸಿಸ್ ಡೈರೆಕ್ಟರಿಯಲ್ಲಿ ಅರೇಯ ಪ್ರತಿ ಡಿಸ್ಕಿಗೂ ಇರುವ ‘ಎರರ್ಸ್’ ಫೈಲನ್ನು (ಇಂಥ ಓದುವ ದೋಷಗಳ ಎಣಿಕೆ) ವಾರಕ್ಕೊಮ್ಮೆ ಓದಿಸುತ್ತೇನೆ. ಮೆಟಾಡೇಟಾ (ಡಿಸ್ಕುಗಳಲ್ಲಿ ಬರೆದಿಟ್ಟ ಅರೇಯ ವಿವರ) 1ನೇ ಆವೃತ್ತಿಯದಾದರೆ ಆ ಎಣಿಕೆ ರೀಬೂಟ್ ನಂತರವೂ ಉಳಿಯುತ್ತದೆ. ಜೊತೆಗೆ ಸ್ಮಾರ್ಟ್‌ನ (ಡಿಸ್ಕೇ ತನ್ನ ಆರೋಗ್ಯದ ಬಗ್ಗೆ ಇಡುವ ದಾಖಲೆ) 197 ಮತ್ತು 5: 197 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳ ಎಣಿಕೆ, 5 ಬದಲಿ ಕೊಟ್ಟ ಸೆಕ್ಟರ್‌ಗಳ ಎಣಿಕೆ. ಮತ್ತೆ ಬರೆದ ಮೇಲೆ 197 ಇಳಿದು 5 ಏರದಿದ್ದರೆ ಆ ಜಾಗ ಇನ್ನೂ ಬಳಕೆಯಲ್ಲಿದೆ; 5 ಏರಿದರೆ ಡಿಸ್ಕ್ ಬದಲಿ ಸೆಕ್ಟರ್ ತೆಗೆದುಕೊಂಡಿದೆ. ಕೇಬಲ್ ಮೂಲಕ ಡೇಟಾ ಸಾಗುವಾಗಿನ ದೋಷ ಎಣಿಸುವ 199 ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ.

ಒಳ್ಳೆಯ ಡಿಸ್ಕುಗಳೂ ಹೊರಬೀಳುವುದು ಟೈಮ್‌ಔಟ್‌ನಿಂದ. ಕರ್ನಲ್ ಕಾಯುವುದು 30 ಸೆಕೆಂಡ್. ಡೆಸ್ಕ್‌ಟಾಪ್ ಡಿಸ್ಕ್ ಒಂದೇ ಸೆಕ್ಟರಿಗಾಗಿ ಎರಡು ನಿಮಿಷ ಹೆಣಗಬಹುದು. ಅಷ್ಟರಲ್ಲಿ ಕರ್ನಲ್ ಲಿಂಕ್ ರೀಸೆಟ್ ಮಾಡುತ್ತದೆ, ಡಿಸ್ಕ್ ಇನ್ನೂ ಉತ್ತರಿಸುವ ಸ್ಥಿತಿಯಲ್ಲಿರುವುದಿಲ್ಲ, ಎಂಡಿ ಮಾಡುವ ಮರುಬರಹವೂ ಸೋಲುತ್ತದೆ. ಬರೆಯುವುದು ಸೋತರೆ ಎಂಡಿ ಡಿಸ್ಕನ್ನು ಕೈಬಿಡುತ್ತದೆ. ಹಾಗಾಗಿ ಸ್ಮಾರ್ಟ್‌ಸಿಟಿಎಲ್ ಆಜ್ಞೆಯಲ್ಲಿ ಎಸ್‌ಸಿಟಿ ಇಆರ್‌ಸಿ (ದೋಷ ಎದುರಾದಾಗ ಡಿಸ್ಕ್ ಹೆಣಗಬಹುದಾದ ಸಮಯದ ಮಿತಿ) ಬೆಲೆ 70, 70 ಎಂದಿಡುತ್ತೇನೆ; ಇದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಅಂದರೆ ಓದಲು, ಬರೆಯಲು ತಲಾ 7 ಸೆಕೆಂಡ್. ಕರೆಂಟ್ ಹೋಗಿ ಬಂದರೆ ಇದು ಸಾಮಾನ್ಯವಾಗಿ ಅಳಿಯುವುದರಿಂದ ಬೂಟ್ ಸ್ಕ್ರಿಪ್ಟಿನಲ್ಲೇ ಇರಬೇಕು. ಈ ಸೌಲಭ್ಯವೇ ಇಲ್ಲದ ಡಿಸ್ಕಿಗೆ ಕರ್ನಲ್ ಟೈಮ್‌ಔಟನ್ನು 180ಕ್ಕೆ ಏರಿಸುತ್ತೇನೆ.

ತಿಂಗಳಿಗೊಮ್ಮೆ ಅರೇಯ ಸಿಂಕ್ ಆಕ್ಷನ್ ಫೈಲಿಗೆ ‘ಚೆಕ್’ ಬರೆದು ಎಲ್ಲ ಡಿಸ್ಕುಗಳನ್ನೂ ಪೂರ್ತಿ ಓದಿಸಲೇಬೇಕು. ಯಾರೂ ತೆರೆಯದ ಫೈಲಿನಡಿ ಅಡಗಿದ ಕೆಟ್ಟ ಸೆಕ್ಟರ್ ಆಗ ಸಿಕ್ಕಿ, ಆಗಲೇ ಸರಿಹೋಗುತ್ತದೆ. ಇಲ್ಲದಿದ್ದರೆ ಇನ್ನೊಂದು ಡಿಸ್ಕ್ ಸತ್ತು ರೀಬಿಲ್ಡ್ (ಬದಲಿ ಡಿಸ್ಕಿಗೆ ಡೇಟಾ ತುಂಬುವ ಕೆಲಸ) ನಡೆಯುವಾಗ ಅದು ಎದುರಾಗುತ್ತದೆ, ಆಗ ಲೆಕ್ಕ ಹಾಕಲು ಪ್ಯಾರಿಟಿ ಉಳಿದಿರುವುದಿಲ್ಲ. ‘ಮಿಸ್‌ಮ್ಯಾಚ್’ ಎಣಿಕೆ (ಡೇಟಾ, ಪ್ಯಾರಿಟಿ ತಾಳೆಯಾಗದ ಜಾಗಗಳು) ಕಂಡಿತೆಂದು ತಕ್ಷಣ ‘ರಿಪೇರ್’ ಕೊಡಬೇಡಿ: ಯಾವುದು ತಪ್ಪೆಂದು ಎಂಡಿಗೆ ತಿಳಿಯದು, ರೇಡ್-5ರಲ್ಲಿ ಡೇಟಾವನ್ನೇ ನಂಬಿ ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ.

ಎರಡು ಚೆಕ್‌ಗಳಲ್ಲಿ ಸತತವಾಗಿ ಒಂದು ಡಿಸ್ಕಿನ ‘ಎರರ್ಸ್’ ಎಣಿಕೆ ಏರಿದರೆ ಡಿಸ್ಕ್ ಬದಲಿಸುತ್ತೇನೆ. ಹಳೆಯದನ್ನು ಮೊದಲು ಕೀಳುವುದಿಲ್ಲ. ಹೊಸದನ್ನು ಸ್ಪೇರ್ (ಮೀಸಲು ಡಿಸ್ಕ್) ಆಗಿ ಸೇರಿಸಿ ‘ರಿಪ್ಲೇಸ್’ ಕೊಟ್ಟರೆ ಹಳೆಯದರಿಂದಲೇ ನಕಲಾಗುತ್ತದೆ, ಅದರಲ್ಲಿ ಓದಲಾಗದ ಸೆಕ್ಟರನ್ನು ಮಾತ್ರ ಉಳಿದ ಡಿಸ್ಕುಗಳು ತುಂಬಿಕೊಡುತ್ತವೆ.